ಕೈಬೇನೆಯ ಚಿಕಿತ್ಸೆಯೂ ಕರಗುವ ಡಾಲರೂ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಅರವತ್ತೈದು ವರ್ಷ ತುಂಬಿದವರ ವೈದ್ಯವೆಚ್ಚದ ಬಹುಭಾಗವನ್ನು ಮೆಡಿಕೇರ್ ಎಂಬ ಸರಕಾರಿ ವಿಮೆಯು ವಹಿಸುತ್ತದೆಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ನರ ಅಂಕಿತದಿಂದ ಹುಟ್ಟಿದ ಈ ಯೋಜನೆಯು ಕೋಟ್ಯಂತರ ವೃದ್ಧರಿಗೆ ಆಸರೆಯಾಗಿದೆ. ಆದರೆ ಮುಪ್ಪಿನಲ್ಲಿ ಕೈಗೆ ಬರುವ ಬೇನೆಗಳ ಶಸ್ತ್ರಚಿಕಿತ್ಸೆಗಾಗಿ ವೈದ್ಯರಿಗೆ ಅದು ಕೊಡುವ ಸಂಭಾವನೆಯ ನಿಜಬೆಲೆಯು ಎರಡು ದಶಕಗಳಿಂದ ಸದ್ದಿಲ್ಲದೆ ಕರಗುತ್ತ ಬಂದಿದೆ. ನಮ್ಮಲ್ಲಿಯೂ 2018ರಿಂದ ಆಯುಷ್ಮಾನ್ ಯೋಜನೆಯಡಿ ಚಿಕಿತ್ಸೆಗಳಿಗೆ ಸರಕಾರವೇ ದರ ಕಟ್ಟುತ್ತಿರುವುದರಿಂದ, ಪರದೇಶದ ಲೆಕ್ಕವೆಂದು ಇದನ್ನು ಬದಿಗಿಡುವಂತಿಲ್ಲ.

ಕೈಬೇನೆಯನ್ನು ಅಲ್ಪವೆಂದು ಎಣಿಸುವವರು ಅದನ್ನು ಅನುಭವಿಸದವರು. ಮಣಿಕಟ್ಟಿನಲ್ಲಿ ನರವು ಅದುಮಲ್ಪಟ್ಟು ರಾತ್ರಿಯೆಲ್ಲ ಬೆರಳು ಜೋಮುಹಿಡಿಯುವ ಕಾರ್ಪಲ್ ಟನಲ್, ಮಡಿಸಿದ ಬೆರಳು ಬಿಚ್ಚದೆ ಸಿಕ್ಕಿಕೊಳ್ಳುವ ಟ್ರಿಗರ್ ಫಿಂಗರ್, ಜಾರಿಬಿದ್ದಾಗ ಆಗುವ ಮಣಿಕಟ್ಟಿನ ಮುರಿತ, ಇವು ಪ್ರಾಣ ತೆಗೆಯವು. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳಲಾರದ ಮುದುಕನು ಅಂದಿನಿಂದಲೇ ಪರಾಧೀನನು.

ದರ ಕಟ್ಟುವ ಈಗಿನ ಕ್ರಮವು 1992ರಲ್ಲಿ ಬಂದಿತು. ಹಾರ್ವರ್ಡ್ ವಿದ್ಯಾಪೀಠದ ವಿಲಿಯಂ ಷಿಯಾವ್‌ರವರ ಸಂಶೋಧನೆಯನ್ನಾಧರಿಸಿ, ಪ್ರತಿಯೊಂದು ಚಿಕಿತ್ಸೆಗೂ ವೈದ್ಯನ ಶ್ರಮ, ಚಿಕಿತ್ಸಾಲಯದ ವೆಚ್ಚ, ಮೊಕದ್ದಮೆಯ ಭಯಕ್ಕಾಗಿ ಮಾಡುವ ವಿಮೆ ಎಂಬ ಮೂರು ಬಾಬುಗಳಲ್ಲಿ ಅಂಕಗಳನ್ನಿಟ್ಟು, ಅವನ್ನು ಊರಿನ ಬೆಲೆಗಳಿಗೆ ತಕ್ಕಂತೆ ತಿದ್ದಿ, ಮೊತ್ತವನ್ನು ಒಂದು ಡಾಲರ್ ದರದಿಂದ ಗುಣಿಸುತ್ತಾರೆ. ಒಂದೊಂದು ಅಂಕಕ್ಕೆ 2001ರಲ್ಲಿ 38 ಡಾಲರು 26 ಸೆಂಟು ದೊರೆಯುತ್ತಿದ್ದಿತು. 2025ರಲ್ಲಿ ದೊರೆತುದು 32 ಡಾಲರು 35 ಸೆಂಟು. ಈ ನಡುವೆ ಅಲ್ಲಿಯ ಸಾಮಾನುಬೆಲೆಗಳು ಶೇಕಡಾ 80ರ ಸುಮಾರು ಏರಿದುವು. 2026ಕ್ಕೆ ದರವನ್ನು 33 ಡಾಲರಿನ ಮೇಲಕ್ಕೆ ತಂದರಾದರೂ, ಅದೇ ವರ್ಷ ಶಸ್ತ್ರಕ್ರಿಯೆಗಳ ಶ್ರಮಾಂಕದಲ್ಲಿ ಶೇಕಡಾ ಎರಡೂವರೆಯನ್ನು ಕಡಿದರು. ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿದ ಹಾಗಾಯಿತು.

ಇದಕ್ಕೆ ಕಾರಣವು ಯಾರೊಬ್ಬರ ದ್ವೇಷವಲ್ಲ. ಅಂಕಗಳ ಬದಲಾವಣೆಯಿಂದ ವರ್ಷಕ್ಕೆ ಎರಡು ಕೋಟಿ ಡಾಲರಿಗೆ ಮೀರಿ ಖರ್ಚು ಬೆಳೆದರೆ ಅಷ್ಟನ್ನು ಬೇರೆಡೆಯಿಂದ ಕಳೆಯಬೇಕೆಂದು ಅಲ್ಲಿಯ ಶಾಸನವಿದೆ. 2021ರಲ್ಲಿ ಸಾಮಾನ್ಯ ಸಮಾಲೋಚನೆಯ ಅಂಕಗಳನ್ನು ಏರಿಸಿದಾಗ ಎಲ್ಲರ ಡಾಲರ್ ದರವೂ ಇಳಿಯಿತು. ಶಸ್ತ್ರವೈದ್ಯನಿಗೆ ಇದರಲ್ಲಿ ಇಮ್ಮಡಿ ನಷ್ಟ: ಕಾರ್ಪಲ್ ಟನಲ್ಲಿನ ಸಂಭಾವನೆಯಲ್ಲಿ ಮುಂದಣ ತೊಂಬತ್ತು ದಿನಗಳ ಭೇಟಿಗಳೂ ಸೇರಿರುವುವು, ಆ ಭೇಟಿಗಳಿಗೆ ಮಾತ್ರ ಏರಿಕೆಯನ್ನು ಅನ್ವಯಿಸಲಿಲ್ಲ. ಅದೇ ರೋಗಿ, ಅದೇ ಕೈ, ಅದೇ ಪರೀಕ್ಷೆ; ಬೆಲೆ ಮಾತ್ರ ಬೇರೆ. ಇದನ್ನು ನ್ಯಾಯವೆನ್ನಲು ನಮ್ಮಿಂದಾಗದು.

ಹಾಗೆಂದು ಅಮೆರಿಕದ ಶಸ್ತ್ರವೈದ್ಯರಿಗಾಗಿ ಕಣ್ಣೀರಿಡುವ ಉದ್ದೇಶ ನಮಗಿಲ್ಲ, ಅವರು ಬಡವರಲ್ಲ. ಸಂಭಾವನೆಯ ಐದರಲ್ಲೊಂದು ಪಾಲು ಸಾಮಾನ್ಯವಾಗಿ ರೋಗಿಯ ಮೇಲೆಯೇ ಬೀಳುವುದರಿಂದ ದರ ತಗ್ಗಿದರೆ ಅವನಿಗೂ ಉಳಿತಾಯವುಂಟು. ಕೈಗಷ್ಟೇ ಅರಿವಳಿಕೆ ಕೊಟ್ಟು, ರೋಗಿಯು ಎಚ್ಚರವಾಗಿರುವಾಗಲೇ ಬೇಗನೆ ಮುಗಿಸುವ ಪದ್ಧತಿಯು ಬಳಕೆಗೆ ಬಂದಿರುವಲ್ಲಿ, ಹಿಂದಿನ ಶ್ರಮಾಂಕವನ್ನು ಮರುಪರಿಶೀಲಿಸುವುದು ತಪ್ಪಲ್ಲ.

ತಪ್ಪಿರುವುದು ಬೇರೆಡೆಯಲ್ಲಿ. ಆಸ್ಪತ್ರೆಗಳ ದರವು ವೆಚ್ಚದ ಏರಿಕೆಯನ್ನು ನೋಡಿಕೊಂಡು ವರ್ಷವರ್ಷವೂ ತಿದ್ದಲ್ಪಡುತ್ತದೆ. ವೈದ್ಯನ ದರಕ್ಕೆ ಆ ಆಶ್ರಯವಿಲ್ಲ. ಬಾಡಿಗೆಯನ್ನೂ ದಾದಿಯ ಸಂಬಳವನ್ನೂ ತೆರಬೇಕಾದ ಸಣ್ಣ ಊರಿನ ಸ್ವತಂತ್ರ ವೈದ್ಯನು ಕೊನೆಗೆ ಆಸ್ಪತ್ರೆಯ ನೌಕರನಾಗುವುದೇ ಲೇಸೆಂದು ಬಗೆದರೆ ಆಶ್ಚರ್ಯವೇನು? ಆಗ ಅದೇ ಬೆರಳಿನ ಚಿಕಿತ್ಸೆಗೆ ಆಸ್ಪತ್ರೆಯ ಪ್ರತ್ಯೇಕ ಶುಲ್ಕವೂ ಸೇರುತ್ತದೆ. ವೈದ್ಯನ ಪಾಲಿನಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚನ್ನು ಖಜಾನೆಯೂ ಮುದುಕನೂ ಕೂಡಿ ತೆರಬೇಕಾಗುವುದು.

ವೃತ್ತಿವೆಚ್ಚದ ಏರಿಕೆಯ ಒಂದು ಭಾಗಕ್ಕಾದರೂ ವೈದ್ಯದರವನ್ನು ಜೋಡಿಸಬೇಕೆಂದು ಮೆಡಿಕೇರ್ ಸಲಹಾ ಮಂಡಲಿಯೇ 2025ರಲ್ಲಿ ಶಿಫಾರಸು ಮಾಡಿತು. ಅದನ್ನು ಶಾಸನವಾಗಿಸುವ ಅಧಿಕಾರವು ವಾಷಿಂಗ್ಟನ್ನಿನ ಕಾಂಗ್ರೆಸ್ ಸಭೆಯದು. ಅದರೊಡನೆಯೇ ತೊಂಬತ್ತು ದಿನಗಳ ಭೇಟಿಗಳ ಲೆಕ್ಕವನ್ನೂ ತಿದ್ದತಕ್ಕದ್ದೆಂದು ನಮ್ಮ ಅಭಿಪ್ರಾಯ.