ವಹಿಯಲ್ಲಿ ಹತ್ತು, ಕೊಠಡಿಯಲ್ಲಿ ನಾಲ್ಕು: ಕಂಪ್ಯೂಟರ್ ಸ್ವತ್ತುಗಳ ನಿರ್ವಹಣೆ ಏಕೆ ಬೇಕು?

ಬೋಧನಾಭ್ಯಾಸದ ಎರಡನೇ ವಾರ. ಪೀನ ಮಸೂರದಿಂದ ಪ್ರತಿಬಿಂಬ ಮೂಡುವ ಬಗೆಯನ್ನು ಹತ್ತನೇ ತರಗತಿಗೆ ಕಂಪ್ಯೂಟರ್ ಕೊಠಡಿಯಲ್ಲಿ ಕಲಿಸಬೇಕೆಂದುಕೊಂಡೆ. ದಾಸ್ತಾನು ವಹಿಯಲ್ಲಿ ಹತ್ತು ಕಂಪ್ಯೂಟರ್‌ಗಳಿದ್ದವು. ನಲವತ್ತು ಮಕ್ಕಳು, ನಾಲ್ವರ ಹತ್ತು ಗುಂಪು ಎಂದು ಪಾಠಯೋಜನೆಯಲ್ಲಿ ಬರೆದೆ. ತರಗತಿಯ ದಿನ ಕೆಲಸಕ್ಕೆ ಬಂದದ್ದು ನಾಲ್ಕೇ. ಮೂರಕ್ಕೆ ವಿದ್ಯುತ್ ಕೊಡುವ ಯುಪಿಎಸ್ ಕೆಟ್ಟಿತ್ತು. ಎರಡಕ್ಕೆ ಮೌಸ್ ಇರಲಿಲ್ಲ. ಇನ್ನೊಂದರ ಪಾಸ್‌ವರ್ಡ್ ವರ್ಗವಾಗಿ ಹೋದ ಶಿಕ್ಷಕರಿಗೆ ಮಾತ್ರ ಗೊತ್ತಿತ್ತು. ಅರ್ಧ ಅವಧಿ ಹೀಗೇ ಕಳೆಯಿತು. ಮಸೂರ ಮರುದಿನಕ್ಕೆ ಉಳಿಯಿತು.

ವಹಿ ಸುಳ್ಳು ಹೇಳಿರಲಿಲ್ಲ. ಎಷ್ಟು ಕೊಂಡೆವು, ಯಾವಾಗ ಕೊಂಡೆವು, ಬೆಲೆ ಎಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ. ಕೊಠಡಿಗೆ ಹೋಗಿ ನೋಡದೆ ಅದನ್ನೇ ನಂಬಿದ್ದು ನನ್ನ ತಪ್ಪು. ಎಣಿಕೆ ಬೇರೆ, ನಿರ್ವಹಣೆ ಬೇರೆ ಎಂಬುದು ಆಗ ತಿಳಿಯಿತು.

ನಿರ್ವಹಣೆ ಎಂದರೆ ಐದು ಪ್ರಶ್ನೆಗಳಿಗೆ ಯಾವ ದಿನ ಕೇಳಿದರೂ ಉತ್ತರವಿರುವುದು. ವಸ್ತು ಎಲ್ಲಿದೆ? ಯಾರ ಹೊಣೆಯಲ್ಲಿದೆ? ಈಗ ಯಾವ ಸ್ಥಿತಿಯಲ್ಲಿದೆ? ಅದರಲ್ಲಿ ಯಾವ ತಂತ್ರಾಂಶವಿದೆ, ಅದಕ್ಕೆ ಬೆಂಬಲ ಎಂದಿನವರೆಗೆ? ಕೆಟ್ಟ ಮೇಲೆ ಎಲ್ಲಿಗೆ ಹೋಗಬೇಕು? ಯಂತ್ರ ಮಾತ್ರವಲ್ಲ, ತಂತ್ರಾಂಶದ ಪರವಾನಗಿ, ಪಾಸ್‌ವರ್ಡ್, ಒಳಗಿನ ಮಾಹಿತಿ ಎಲ್ಲವೂ ಸ್ವತ್ತೇ.

ವ್ಯಾಪಾರ ಸಂಸ್ಥೆಗಳಲ್ಲಿ ಈ ಉತ್ತರಗಳಿಲ್ಲದಿದ್ದರೆ ನಷ್ಟ ನೇರ. ನೌಕರ ಕೆಲಸ ಬಿಟ್ಟರೂ ಅವನ ಲ್ಯಾಪ್‌ಟಾಪ್ ಹಿಂದಿರುಗುವುದಿಲ್ಲ, ಖಾತೆ ತೆರೆದೇ ಇರುತ್ತದೆ, ಅವನ ಹೆಸರಿನ ಪರವಾನಗಿಗೆ ಶುಲ್ಕ ಹೋಗುತ್ತಲೇ ಇರುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಭದ್ರತೆಯದು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಸೇರಿದಂತೆ ಹಲವು ದೇಶಗಳ ಕಂಪ್ಯೂಟರ್‌ಗಳನ್ನು ಸ್ಥಗಿತಗೊಳಿಸಿತು. ಅದು ನುಸುಳಿದ ದೋಷಕ್ಕೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್‌ನಲ್ಲೇ ಪರಿಹಾರ ಕೊಟ್ಟಿತ್ತು. ಅದನ್ನು ಅಳವಡಿಸದ ಯಂತ್ರಗಳೇ ಸಿಕ್ಕಿಬಿದ್ದವು. ಎಲ್ಲೆಲ್ಲಿ ಯಾವ ಯಂತ್ರವಿದೆ ಎಂದೇ ತಿಳಿಯದಿದ್ದರೆ ಪರಿಹಾರ ಅಳವಡಿಸುವುದು ಹೇಗೆ?

ಈ ಪ್ರಶ್ನೆ ಶಾಲೆಗೂ ಸಲ್ಲುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಅಂಥ ಯಂತ್ರ ನಡೆಯುತ್ತದೆ, ಆದರೆ ಮಕ್ಕಳ ಅಂಕ, ವಿಳಾಸ ಇಡಲು ತಕ್ಕದ್ದಲ್ಲ. ಹಳೆಯ ಯಂತ್ರಕ್ಕೆ ಹೊಂದುವ, ಉಚಿತವಾಗಿ ಸಿಗುವ ಲಿನಕ್ಸ್ ಹಾಕಬಹುದು. ಪೂರ್ತಿ ಕೆಟ್ಟದ್ದನ್ನು ಗುಜರಿಗೆ ಹಾಕಬಾರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಡಿ ನೋಂದಾಯಿತ ಮರುಬಳಕೆ ಘಟಕಗಳಿವೆ. ಅಲ್ಲಿಗೆ ಕೊಡುವ ಮೊದಲು ಒಳಗಿನ ಮಾಹಿತಿ ಅಳಿಸಬೇಕು.

ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಮಾರ್ಗದರ್ಶಕ ಶಿಕ್ಷಕರೊಂದಿಗೆ ಒಂದು ಸಂಜೆ ಕೊಠಡಿಯಲ್ಲಿ ಕುಳಿತೆವು. ಮಕ್ಕಳು ಪ್ರತಿ ಯಂತ್ರಕ್ಕೂ ಸಂಖ್ಯೆಯ ಚೀಟಿ ಅಂಟಿಸಿದರು. ನೋಟ್‌ಬುಕ್ಕಿನಲ್ಲಿ ಐದು ಪ್ರಶ್ನೆಗಳಿಗೆ ಐದು ಅಂಕಣ ಎಳೆದು ತುಂಬಿದೆವು. ಪಾಸ್‌ವರ್ಡ್‌ಗಳನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿದೆವು. ಯುಪಿಎಸ್ ಇಲ್ಲದೆ ಸುಮ್ಮನಿದ್ದ ಯಂತ್ರಗಳ ಮೌಸ್‌ಗಳನ್ನು ಮೌಸ್ ಇಲ್ಲದ ಎರಡಕ್ಕೆ ಜೋಡಿಸಿದೆವು. ಒಂದು ರೂಪಾಯಿ ಖರ್ಚಿಲ್ಲದೆ ನಾಲ್ಕು ಆರಾಯಿತು.

ಮುಂದಿನ ವಾರ ಆರೇಳು ಮಕ್ಕಳ ಆರು ಗುಂಪು ಮಾಡಿ ಪಾಠ ನಡೆಸಿದೆ. ವಸ್ತುವನ್ನು ಸಂಗಮಬಿಂದುವಿಗಿಂತ ಮಸೂರದ ಹತ್ತಿರ ತಂದಾಗ ತಲೆಕೆಳಗಿದ್ದ ಪ್ರತಿಬಿಂಬ ನೇರವಾದದ್ದನ್ನು ಮಕ್ಕಳು ತಾವೇ ಜರುಗಿಸಿ ಕಂಡುಕೊಂಡರು.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಪಾಠಯೋಜನೆಯಲ್ಲಿ 'ಬೋಧನೋಪಕರಣಗಳು' ಎಂಬುದರ ಪಕ್ಕದಲ್ಲಿ 'ಪರಿಶೀಲಿಸಿದ ದಿನಾಂಕ' ಎಂಬ ಒಂದು ಅಂಕಣ ಸೇರಿಸಿಕೊಳ್ಳಿ.