ಹೊರನಾಡಿಗೆ ಹೊರಟ ಹಿರಿಯರ ಔಷಧದ ಗಂಟು

ದೂಧಗಂಗಾ-ವೇದಗಂಗಾ ಸಂಗಮದ ನಮ್ಮ ಭೋಜ ಪರಿಸರದಿಂದ ದುಬೈ, ಸಿಂಗಪುರ, ಲಂಡನ್ನಿನಲ್ಲಿರುವ ಮಕ್ಕಳನ್ನು ಕಾಣಲು ಹೊರಡುವ ಹಿರಿಯ ಸದ್ಭಕ್ತರು, ತಿಂಗಳುಗಟ್ಟಲೆ ಸಾಲುವಷ್ಟು ಔಷಧವನ್ನು ಕಟ್ಟಿಕೊಡಿರೆಂದು ನಮ್ಮನ್ನು ಕೇಳುತ್ತಾರೆ. ಆಯುರ್ವೇದ ವೈದ್ಯರಾದ ನಾವೇ ಅವುಗಳಲ್ಲಿ ಕೆಲವನ್ನು ಮನೆಯಲ್ಲಿಯೇ ಬಿಟ್ಟು ಹೋಗಿರೆಂದು ಹೇಳಬೇಕಾಗಿದೆ.

ಅತಿಸಾರಕ್ಕೆ ಕೊಡುವ ಜಾತಿಫಲಾದಿ ಚೂರ್ಣದಲ್ಲಿ ಭಂಗಿ ಸೇರಿರುತ್ತದೆ. ಇಲ್ಲಿ ಅದು ಶಾಸ್ತ್ರೋಕ್ತ ಔಷಧ. ದುಬೈಯ ವಿಮಾನ ನಿಲ್ದಾಣದಲ್ಲಿ ಮಾದಕ ವಸ್ತು. ಪಾದರಸವುಳ್ಳ ಮಕರಧ್ವಜ, ರಸಸಿಂದೂರಗಳೂ ಬೇಡ. ಗಸಗಸೆಯಂತೂ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಿಷಿದ್ಧ. ಮೊಮ್ಮಕ್ಕಳಿಗೆಂದು ತಾಯಂದಿರು ಪ್ರೀತಿಯಿಂದ ಕಟ್ಟುವ ಅಂಟಿನುಂಡೆಯಲ್ಲಿ ಒಂದು ಚಿಟಿಕೆಯೂ ಇರಕೂಡದು. ಹಾಗೆ ಹಾಕಿದ್ದರೆ ಉಂಡೆಯನ್ನು ಇಲ್ಲಿಯೇ ತಿಂದು ಮುಗಿಸುವುದು ಲೇಸು. ಜಗಿಯುವ ತಂಬಾಕನ್ನು ಸಿಂಗಪುರಕ್ಕೆ ಒಯ್ಯುವಂತಿಲ್ಲ. ನಿಪ್ಪಾಣಿ ಸೀಮೆಯವರಾದ ನಮಗೆ ಇದು ಕಷ್ಟವೆನಿಸೀತು, ಆದರೆ ವೈದ್ಯರಾಗಿ ನಮಗೆ ಸಂತೋಷವೇ.

ಮಧುಮೇಹ, ರಕ್ತದೊತ್ತಡದ ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಇಂಗ್ಲಿಷ್ ಚೀಟಿಯ ಸಮೇತ ಕೈಚೀಲದಲ್ಲಿ ಇಟ್ಟುಕೊಳ್ಳತಕ್ಕದ್ದು. ಇನ್ಸುಲಿನ್ ದೊಡ್ಡ ಪೆಟ್ಟಿಗೆಯೊಡನೆ ವಿಮಾನದ ಸರಕಿನ ಕೋಣೆಗೆ ಹೋದರೆ ಹೆಪ್ಪುಗಟ್ಟಿ ಕೆಡಬಹುದು. ನಿದ್ರೆಯ ಮತ್ತು ತೀವ್ರ ನೋವಿನ ಕೆಲವು ಮಾತ್ರೆಗಳಿಗೆ ಎಮಿರೇಟ್ಸ್‌ನ ಸರ್ಕಾರದ ಪೂರ್ವಾನುಮತಿ ಬೇಕು. ಅದನ್ನು ಅಲ್ಲಿರುವ ಮಕ್ಕಳ ಕೈಯಿಂದ ಮೊದಲೇ ಮಾಡಿಸಿಕೊಳ್ಳಬೇಕು.

ಮುಂಬೈಯಿಂದ ಲಂಡನ್ನಿಗೆ ಒಂಬತ್ತು ತಾಸಿಗೂ ಮಿಕ್ಕ ಪ್ರಯಾಣ. ಮೂತ್ರಕ್ಕೆ ಏಳಬೇಕಾದೀತೆಂದು ನೀರನ್ನೇ ಬಿಟ್ಟು ಕುಳಿತುಬಿಡುವ ಹಿರಿಯರು ಬಹಳ. ಬಹುಹೊತ್ತು ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವುಂಟು. ನಡುಹಾದಿಯ ಪಕ್ಕದ ಆಸನವನ್ನು ಕೇಳಿ ಪಡೆದು, ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.