ತೆರೆಮರೆಯ ವಾದ್ಯಸಂಯೋಜಕನ ಸ್ವಂತ ದನಿ

ಹಾಡೊಂದನ್ನು ಕೇಳಿ ಮೆಚ್ಚಿದಾಗ ನಾವು ಗಾಯಕರನ್ನು ಹೊಗಳುತ್ತೇವೆ, ಕವಿಯನ್ನು ನೆನೆಯುತ್ತೇವೆ, ರಾಗ ಹಾಕಿದವರಾರೆಂದೂ ವಿಚಾರಿಸುತ್ತೇವೆ. ಪಿಟೀಲು ಎಲ್ಲಿ ಸೇರಬೇಕು, ಕೊಳಲು ಎಲ್ಲಿ ಮೌನ ತಾಳಬೇಕು ಎಂಬುದನ್ನು ನಿರ್ಣಯಿಸಿದವನ ಹೆಸರನ್ನು ಕೇಳುವವರು ಮಾತ್ರ ವಿರಳ. ಅವನೇ ವಾದ್ಯಸಂಯೋಜಕ. ಅಮೆರಿಕದ ವ್ಯಾನ್ ಡೈಕ್ ಪಾರ್ಕ್ಸ್ ಅಂಥ ಕಲಾವಿದರು. ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, 2013ರಲ್ಲಿ, ಅವರು ಹೊರತಂದ ‘ಸಾಂಗ್ಸ್ ಸೈಕಲ್ಡ್’ ಎಂಬ ಧ್ವನಿಮುದ್ರಿಕೆ ಈ ಕಲೆಯ ಮರ್ಮವನ್ನು ಅರಿಯಲು ಒಳ್ಳೆಯ ಸಾಧನ.

ಪಾರ್ಕ್ಸ್ ಹುಟ್ಟಿದ್ದು 1943ರಲ್ಲಿ, ಮಿಸಿಸಿಪಿ ಸಂಸ್ಥಾನದ ಹ್ಯಾಟೀಸ್‌ಬರ್ಗ್‌ನಲ್ಲಿ. ಮೌಗ್ಲಿಯ ಕಥೆಯನ್ನು ಡಿಸ್ನಿ ಸಂಸ್ಥೆ ‘ಜಂಗಲ್ ಬುಕ್’ ಚಿತ್ರವಾಗಿಸಿದಾಗ, ಕರಡಿ ಹಾಡುವ ಪ್ರಸಿದ್ಧ ಗೀತೆಗೆ ವಾದ್ಯಮೇಳವನ್ನು ಹೊಂದಿಸಿದವರು ಇವರೇ. ಬ್ರಯಾನ್ ವಿಲ್ಸನ್ನರ ರಾಗಗಳಿಗೆ ಇವರು ಸಾಹಿತ್ಯ ರಚಿಸಿದ್ದೂ ಉಂಟು. 1967ರಲ್ಲಿ ಬಂದ ಇವರ ಮೊದಲ ಮುದ್ರಿಕೆ ‘ಸಾಂಗ್ ಸೈಕಲ್’ ವಿಮರ್ಶಕರ ಮೆಚ್ಚುಗೆ ಗಳಿಸಿತಾದರೂ ಕೊಳ್ಳುವವರಿಲ್ಲದೆ ಹೋಯಿತು. ತನಗಾದ ನಷ್ಟವನ್ನು ಕಂಪೆನಿಯೇ ಜಾಹೀರಾತಿನಲ್ಲಿ ಸಾರಿತು! ಆ ಹೆಸರನ್ನೇ ತುಸು ತಿರುವಿ ಈ ಹೊಸ ಮುದ್ರಿಕೆಗೆ ಇಟ್ಟಿದ್ದಾರೆ.

ಇದರಲ್ಲಿ 12 ರಚನೆಗಳಿವೆ. ಸ್ವಂತ ಗೀತೆಗಳು, ಮತ್ತೆ ಹೊಸದಾಗಿ ನುಡಿಸಿದ ಹಳೆಯವು, ಪರರ ಕೃತಿಗಳು ಎಲ್ಲವೂ ಸೇರಿವೆ. ಇದು ಬರಿಯ ಕಲಸುಮೇಲೋಗರವೇ ಎಂಬ ಸಂದೇಹ ಸಹಜ. ನಡುವಿನ ಮೂರು ರಚನೆಗಳನ್ನು ಗಮನಿಸಿದರೆ ಸಂದೇಹ ಪರಿಹಾರವಾಗುತ್ತದೆ.

ಮೊದಲನೆಯದು ‘ಬ್ಲ್ಯಾಕ್ ಗೋಲ್ಡ್’. ಎಣ್ಣೆಯ ಹಡಗಿನಿಂದ ಕಡಲಿಗಾದ ದುರಂತ ಅದರ ವಸ್ತು. ಎರಡನೆಯದು ‘ಅಕ್ವೇರಿಯಂ’: ಫ್ರಾನ್ಸಿನ ಸೇಂಟ್-ಸಾನ್ಸ್ 1886ರಲ್ಲಿ ಮೀನುಗಳ ಚಲನೆಯನ್ನು ಬಣ್ಣಿಸಿ ರಚಿಸಿದ ಸಂಗೀತ. ಇಲ್ಲಿ ಅದನ್ನು ನುಡಿಸುವುದು ಟ್ರಿನಿಡಾಡ್ ದ್ವೀಪದ ಉಕ್ಕಿನ ವಾದ್ಯಗಳ ಮೇಳ. ಆ ವಾದ್ಯಗಳಾದರೋ, ಬಿಸಾಡಿದ ಎಣ್ಣೆಯ ಪೀಪಾಯಿಗಳ ತಳವನ್ನು ಬಡಿದು ತಗ್ಗಿಸಿ, ಒಂದೊಂದು ಭಾಗಕ್ಕೂ ಒಂದೊಂದು ಸ್ವರ ಕೂಡಿಸಿ ಮಾಡಿದವು. ಎಣ್ಣೆಯಿಂದ ಕೆಟ್ಟ ಕಡಲ ಚಿತ್ರದ ಬೆನ್ನಿಗೇ, ಎಣ್ಣೆಯ ಪೀಪಾಯಿಯಿಂದಲೇ ನಿರ್ಮಲ ಜಲದ ನಾದ ಹೊಮ್ಮುತ್ತದೆ! ಮೂರನೆಯದು ಟ್ರಿನಿಡಾಡಿನ ಹಳೆಯ ಕ್ಯಾಲಿಪ್ಸೊ ಗೀತೆ ‘ಮನಿ ಈಸ್ ಕಿಂಗ್’. ನಮ್ಮ ‘ದುಡ್ಡೇ ದೊಡ್ಡಪ್ಪ’ ಎಂಬ ಗಾದೆಯೇ ಅದರ ತಿರುಳು. ಈ ಮೂರರ ಸಂಬಂಧವನ್ನು ಕವಿ ಎಲ್ಲಿಯೂ ಬಾಯಿಬಿಟ್ಟು ಹೇಳಿಲ್ಲ. ವಾದ್ಯಗಳ ಆಯ್ಕೆ, ರಚನೆಗಳ ಅನುಕ್ರಮಗಳೇ ಹೇಳುತ್ತವೆ. ನಮ್ಮ ಆಲಂಕಾರಿಕರು ‘ಧ್ವನಿ’ ಎಂದು ಕರೆದದ್ದು ಇಂಥದನ್ನೇ ಅಲ್ಲವೆ?

‘ವಾಲ್ ಸ್ಟ್ರೀಟ್’ ಎಂಬ ಗೀತೆ 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನಲ್ಲಿ ನಡೆದ ಘೋರವನ್ನು ಕುರಿತದ್ದು. ಅಂಥ ಶೋಕಕ್ಕೆ ಇಂಪಾದ ತಂತಿವಾದ್ಯಗಳ ಅಲಂಕಾರ ಒಪ್ಪುವುದೇ? ಪ್ರಶ್ನೆ ನ್ಯಾಯವಾದುದೇ. ಗಾಯಕರ ದನಿ ತೆಳು. ವಯಸ್ಸು ಅದರಲ್ಲಿ ಅಡಗಿಲ್ಲ. ಆ ಬಡಕಲು ದನಿಗೆ ವಾದ್ಯಗಳು ಹೆಗಲು ಕೊಟ್ಟು ನಡೆಸುವಂತೆ ಕೇಳಿಸುತ್ತದೆ. ದುಃಖವನ್ನು ಮುಚ್ಚುವ ಅಲಂಕಾರ ಬೇರೆ, ಹೊರುವ ಅಲಂಕಾರ ಬೇರೆ. ಇಲ್ಲಿರುವುದು ಎರಡನೆಯದು. ಆದರೂ ಕೆಲವೆಡೆ ಶ್ಲೇಷೆಗಳ ಭಾರದಿಂದ ಅರ್ಥ ಬಳಲುತ್ತದೆ ಎನ್ನದೆ ವಿಧಿಯಿಲ್ಲ.

ಇಂಥ ಸಂಗೀತವನ್ನು ಎರಡು ಬಾರಿ ಕೇಳಬೇಕು. ಮೊದಲ ಸಲ ಹಾಡುವವರನ್ನು ಅನುಸರಿಸಿ. ಎರಡನೆಯ ಸಲ ಅವರನ್ನು ಬಿಟ್ಟು ಹಿಂದಿನ ವಾದ್ಯಗಳಿಗೆ ಮಾತ್ರ ಕಿವಿಗೊಡಿ. ಈ ಅಭ್ಯಾಸವನ್ನು ನಮ್ಮ ಭಾವಗೀತೆ, ಚಿತ್ರಗೀತೆಗಳಿಗೂ ಅನ್ವಯಿಸಿದರೆ, ಹಲವು ವರ್ಷಗಳಿಂದ ಬಾಯಿಪಾಠವಾದ ಹಾಡಿನಲ್ಲಿಯೂ ಇನ್ನೊಂದು ಹಾಡು ದೊರೆತೀತು.